ಬಾಗಿಲವರೆಗೆ ನಡೆದವರಿಗೆ ಡಿಸ್ಚಾರ್ಜ್

ಮನೆ, ಅಡುಗೆಮನೆ ಮೇಜು
ತಾ. ೧೪, ಮಂಗಳವಾರ, ಅಮ್ಮನ ಮಧ್ಯಾಹ್ನದ ನಿದ್ದೆ ಹೊತ್ತು

ಪ್ರೀತಿಯ ಗುಬ್ಬೀ,

ಹೇಗಿದೀಯ? ಮಂಡಿ ನೋವು ಇಳಿದಿದೆಯಾ? ನಿನ್ನ ಯಜಮಾನರ ಸಕ್ಕರೆ ಹತೋಟಿಗೆ ಬಂತಾ, ಇಲ್ಲ ಇನ್ನೂ ಫ್ರಿಜ್ ಬಾಗಿಲ ಮರೇಲಿ ನಿಂತು ಕದ್ದು ತಿಂತಿದಾರಾ? ಕುಹಕಕ್ಕೆ ಕೇಳ್ತಿಲ್ಲ ಕಣೇ, ನಿಜವಾಗಿ ಕೇಳ್ತಿದೀನಿ. ಕುಹಕ ಆಮೇಲೆ ಬರತ್ತೆ. ಫೋನ್ ಇದ್ದೂ ಈ ಅಣ್ಣ ಯಾಕೆ ಪತ್ರ ಬರೀತಿದಾನೆ ಅಂತ ನಿನಗೆ ಅನ್ನಿಸಿರಬಹುದು. ಫೋನಲ್ಲಿ ನಾನು ಅಮ್ಮನ ಮಾತು ಎತ್ತಿದ ತಕ್ಷಣ ನಿಮ್ಮನೇಲಿ ಹಾಲು ಉಕ್ಕತ್ತೆ, ಬಾಗಿಲಿಗೆ ಯಾರೋ ಬರ್ತಾರೆ, ಇಲ್ಲಾಂದ್ರೆ ಸಿಗ್ನಲ್ ಹೋಗತ್ತೆ. ಪತ್ರಕ್ಕೆ ಆ ಕಾಟ ಇಲ್ಲ. ಅದೂ ಅಲ್ಲದೆ ನಾನು ಫೋನ್ ಹಿಡಿದರೆ ಅಮ್ಮ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸ್ಕೊಳ್ತಾಳೆ. ಅವಳ ಕಾಲು ಸೋತಿದೆ, ಕಣ್ಣು ಮಂಜಾಗಿದೆ, ನೆನಪು ಬಂದು ಹೋಗಿ ಮಾಡತ್ತೆ, ಆದರೆ ನಿನ್ನ ದನಿ ಬಂತು ಅಂದ್ರೆ ಕಿವಿ ಮಾತ್ರ ಇಪ್ಪತ್ತರ ಹುಡುಗಿಯದು.

ಮೊದಲು ನನ್ನ ಸುದ್ದಿ ಹೇಳಿ ಮುಗಿಸ್ತೀನಿ, ಅದು ಚಿಕ್ಕದು. ನನಗೆ ಹರ್ನಿಯಾ ಆಗಿದೆ. ತೊಡೆಸಂದಿನ ಹತ್ತಿರ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು, ನಾನು ಇಷ್ಟು ದಿನ ಪ್ಯಾಂಟಿನ ಹೊಲಿಗೆ ಒತ್ತುತ್ತೆ ಅಂತ ದರ್ಜಿಯನ್ನ ಬೈಕೊಂಡು ಓಡಾಡ್ತಿದ್ದೆ. ಡಾಕ್ಟರು ಒತ್ತಿ ನೋಡಿ, ನಿವೃತ್ತಿ ಆದ ಮೇಲೂ ಅದೇನು ಭಾರ ಎತ್ತೋ ಕೆಲಸ ಮಾಡ್ತೀರಿ ಅಂದ್ರು. ಅಮ್ಮನ್ನ ಎತ್ತುತೀನಿ ಅಂದೆ. ತಮಾಷೆ ಮಾಡ್ತಿದೀನಿ ಅಂದ್ಕೊಂಡು ನಕ್ಕರು, ಆಮೇಲೆ ನನ್ನ ವಯಸ್ಸು ನೋಡಿ, ಅದರಿಂದ ಅಮ್ಮನ ವಯಸ್ಸು ಲೆಕ್ಕ ಹಾಕಿ ನಗು ನಿಲ್ಲಿಸಿದರು. ಎತ್ತೋದು ಇವತ್ತಿಗೇ ಬಿಡಿ, ಕರುಳು ಸಿಕ್ಕಿಹಾಕ್ಕೊಂಡ್ರೆ ಆಸ್ಪತ್ರೆ ಬಾಗಿಲಿಗೆ ಬರೋಷ್ಟೂ ಹೊತ್ತು ಸಿಗದೇ ಇರಬಹುದು ಅಂತ ಗದರಿಸಿದರು. ಆಪರೇಷನ್ ಆದ ಮೇಲೂ ತಿಂಗಳುಗಟ್ಟಲೆ ತುಂಬಿದ ಬಕೆಟ್ ಕೂಡ ಎತ್ತಬಾರದಂತೆ. ಅಮ್ಮ ಬಕೆಟ್ಟಿಗಿಂತ ಸ್ವಲ್ಪ ಜಾಸ್ತಿ ತೂಗ್ತಾಳೆ ಅಂತ ನಿನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ರೂ ತಪ್ಪಿಲ್ಲ, ನೀನು ಎತ್ತಿ ನೋಡಿಲ್ಲವಲ್ಲ.

ಜೀವಮಾನವೆಲ್ಲ ಬಸ್ಸಲ್ಲಿ ಕಂಡಕ್ಟರಾಗಿದ್ದೆ, ಯಾರನ್ನೂ ಎತ್ತಿ ಹತ್ತಿಸಿದವನಲ್ಲ, ಬೈದು ಹತ್ತಿಸ್ತಿದ್ದೆ. ಈಗ ದಿನಾ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಹಾಸಿಗೆಗೆ ಒಬ್ಬಳೇ ಪ್ಯಾಸೆಂಜರನ್ನ ಹೊತ್ತು ಟ್ರಿಪ್ ಹೊಡೀತಿದೀನಿ. ಎತ್ತೋ ಪಟ್ಟನ್ನ ಕಲಿಸಿದ್ದೂ ಅವಳೇ. ಅವಳ ಎರಡೂ ಕೈ ನನ್ನ ಕತ್ತಿಗೆ ಹಾಕಿಸ್ಕೊಂಡು, ಅವಳ ಮಂಡಿಗೆ ನನ್ನ ಮಂಡಿ ಆನಿಸಿ, ರೈಟ್ ರೈಟ್ ಅಂದ್ರೆ ಸೊಂಟ ಸಡಿಲ ಮಾಡಿ ಏಳ್ತಾಳೆ. ಕಮೋಡಿನ ಮೇಲೆ ಕೂರಿಸಿ ಹೋಲ್ಡಾನ್ ಅಂತೀನಿ, ಕಿಸಕ್ಕನೆ ನಗ್ತಾಳೆ. ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು ಅಂತ ಪ್ರತಿ ಸಲ ಹೇಳ್ತಾಳೆ. ಆಸ್ಪತ್ರೇಲಿ ನರ್ಸಾಗಿ ಎಷ್ಟೋ ಜನರನ್ನ ಎತ್ತಿ ಕೂರಿಸಿದ ಕೈ ಅದು, ಹೇಳಿದ್ದು ಸರಿಯಾಗೇ ಇರತ್ತೆ. ನನ್ನ ಮಂಡಿ ಬಗ್ಗಲ್ಲ, ಹಾಗಾಗಿ ಬೆನ್ನು ಬಗ್ಗಿತು, ಹೊಟ್ಟೆ ಹರೀತು.

ನಮ್ಮ ಬೀದಿ ನೀನು ನೋಡಿದ ಹಾಗಿಲ್ಲ. ಎಲ್ಲಿ ನೋಡಿದರೂ ನಮ್ಮಂಥವರೇ. ಆಟದ ಸಾಮಾನಿನ ಅಂಗಡಿಯವನು ಈಗ ಊರುಗೋಲು, ಕಮೋಡ್ ಕುರ್ಚಿ ಮಾರ್ತಾನೆ. ನೀನು ಓದಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿ ಹೋಗಿ, ಅಲ್ಲಿ ಹಗಲು ಹೊತ್ತು ಮುದುಕರನ್ನ ನೋಡ್ಕೊಳ್ಳೋ ಕೇಂದ್ರ ಮಾಡಿದಾರೆ. ಕೈ ತೊಳೆಯೋ ನಲ್ಲಿಗಳು ಮಾತ್ರ ಇನ್ನೂ ಮಕ್ಕಳ ಎತ್ತರದಲ್ಲೇ ಇವೆ. ಊರುಗೋಲು ಹಿಡಿದವರು ಮುಖ ತೊಳೆಯೋಕೆ ಬಗ್ಗಿ, ಮತ್ತೆ ನೆಟ್ಟಗಾಗೋಕೆ ಇನ್ನೊಬ್ಬರನ್ನ ಕೂಗ್ತಾರೆ. ಆ ಇನ್ನೊಬ್ಬರೂ ಬಗ್ಗಿರ್ತಾರೆ. ಹಾಸಿಗೆ ಹಿಡಿದವರನ್ನ ಅಲ್ಲಿ ಸೇರಿಸಲ್ಲ, ಹಾಗಾಗಿ ಅಮ್ಮನಿಗೆ ಅದು ದಕ್ಕಲಿಲ್ಲ. ನಾನು ಅಂಗಡಿಗೆ ಹೋದಾಗ ಪಕ್ಕದ ಮನೆ ಗಡಿಯಾರದವರು ಬಂದು ಅಮ್ಮನ ಹತ್ತಿರ ಕೂತಿರ್ತಾರೆ. ನೆನಪಿದೆಯಾ, ಗಡಿಯಾರ ರಿಪೇರಿ ಮಾಡ್ತಿದ್ದವರು, ನಿನ್ನ ಮೊದಲ ವಾಚ್ ಬಿಚ್ಚಿ ಮತ್ತೆ ಜೋಡಿಸೋಕೆ ವಾರ ತಗೊಂಡವರು. ಕೂತ ಐದು ನಿಮಿಷಕ್ಕೆ ಅವರಿಗೇ ಗೊರಕೆ. ಕಾವಲಿಗೆ ಇಟ್ಟವರನ್ನೇ ಕಾಯಬೇಕು, ಅಂಥ ಪರಿಸ್ಥಿತಿ.

ಈಗ ವಿಷಯಕ್ಕೆ ಬರ್ತೀನಿ. ಇಲ್ಲಿ ಒಂದು ಆರೈಕೆ ಕಚೇರಿ ಇದೆ. ಅರ್ಜಿ ಹಾಕಿದರೆ ಒಬ್ಬರು ಮನೆಗೆ ಬಂದು ನೋಡ್ತಾರೆ. ವಯಸ್ಸಾದವರು ತಾವಾಗಿ ಏಳ್ತಾರಾ, ನಡೀತಾರಾ, ಗುಂಡಿ ಹಾಕ್ಕೊಳ್ತಾರಾ, ಇವತ್ತು ಯಾವ ವಾರ ಅಂತ ಹೇಳ್ತಾರಾ, ಒಂದೊಂದಕ್ಕೂ ಅಂಕ. ಅಂಕ ಕಡಿಮೆ ಬಂದ್ರೆ ಬೆಳಗ್ಗೆ ಸಂಜೆ ಒಬ್ಬ ಸಹಾಯಕಿ ಬರ್ತಾಳೆ, ನೋಡ್ಕೊಳ್ಳೋವರೇ ಆಸ್ಪತ್ರೆ ಸೇರೋ ಹಾಗಾದ್ರೆ ಅಷ್ಟು ದಿನ ಅವರ ಆರೈಕೆ ಮನೇಲಿ ಒಂದು ಹಾಸಿಗೆ ಕೊಡ್ತಾರೆ. ನನಗೆ ಬೇಕಾಗಿದ್ದು ಆ ಒಂದು ಹಾಸಿಗೆ. ಅದು ಸಿಕ್ಕಿದ್ರೆ ಅಮ್ಮ ಅಲ್ಲಿ, ನಾನು ಆಸ್ಪತ್ರೇಲಿ, ನಿನಗೆ ಫೋನ್ ಮಾಡೋ ಪ್ರಮೇಯವೇ ಇರ್ತಿರಲಿಲ್ಲ. ನಮ್ಮ ಅಮ್ಮ ಫೇಲಾಗೋದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ ಗುಬ್ಬಿ. ಚಮಚ ಬಾಯಿಗೆ ಹೋಗೋ ಮೊದಲು ಕೆನ್ನೆಗೆ ಹೋಗತ್ತೆ. ಬೆಳಗ್ಗೆ ನಾನು ಅವಳ ಮಗ, ಸಂಜೆ ಆಗ್ತಿದ್ದ ಹಾಗೆ ವಾರ್ಡ್‌ಬಾಯ್. ನೀನು ಒಳ್ಳೆಯವನಪ್ಪ, ನಿನ್ನ ಡ್ಯೂಟಿ ಮುಗಿದಿಲ್ಲವಾ, ಮನೇಲಿ ಕಾಯಲ್ವಾ ಅಂತ ಕೇಳ್ತಾಳೆ. ಕಾಯೋವರು ಯಾರೂ ಇಲ್ಲಮ್ಮ ಅಂತೀನಿ, ಪಾಪ ಅಂತಾಳೆ.

ಆ ಅಧಿಕಾರಿ ಬರೋ ಕೆಲವು ದಿನ ಮುಂಚಿನಿಂದ ಮನೇಲಿ ಒಂದು ವಿಚಿತ್ರ ಶುರುವಾಗಿತ್ತು. ನಾನು ಅಂಗಡಿಯಿಂದ ಬಂದು ನೋಡಿದರೆ ಊಟದ ಮೇಜಿನ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಅಮ್ಮನ ಹಾಸಿಗೆಯಿಂದ ಬಾಗಿಲ ಕಡೆಗೆ ಸಾಲಾಗಿ ನಿಂತಿರ್ತಿದ್ವು, ಬೆನ್ನು ಒಂದೇ ಕಡೆಗೆ. ಗಡಿಯಾರದವರಿಗೆ ಅರಳುಮರಳು ಶುರುವಾಯ್ತು ಅಂದ್ಕೊಂಡೆ. ಗೊಣಗಿಕೊಂಡು ಎಲ್ಲ ಮತ್ತೆ ಮೇಜಿಗೆ ಸೇರಿಸ್ತಿದ್ದೆ. ಅಮ್ಮನ ಮೊಣಕೈ ಕಪ್ಪಾಗಿತ್ತು, ಮಂಚಕ್ಕೆ ತಗುಲಿತೇನೋ ಅಂತ ಮುಲಾಮು ಹಚ್ಚಿದೆ. ಅವಳು ನರ್ಸಾಗಿದ್ದಾಗ ಅಂಗಿಗೆ ತಲೆಕೆಳಗಾಗಿ ಸಿಕ್ಕಿಸ್ಕೊಳ್ತಿದ್ದ ವಾಚ್ ಇತ್ತಲ್ಲ, ಅದನ್ನ ಗಡಿಯಾರದವರ ಕೈಲಿ ರಿಪೇರಿ ಮಾಡಿಸ್ಕೊಂಡಿದ್ದಳು. ಅದೂ ನನಗೆ ಹೊಳೀಲಿಲ್ಲ. ಮೂರು ಹೊತ್ತೂ ಎದುರಿಗೇ ಇರೋವನು ನಾನು, ನನ್ನ ಕಣ್ಣಿಗೇ ಮಣ್ಣು ಬಿದ್ದಿತ್ತು.

ಆ ದಿನ ಬೆಳಗ್ಗೆ ಅಮ್ಮ ತಲೆ ಬಾಚು ಅಂದಳು. ಬಿಳಿ ಸ್ವೆಟರ್ ಹಾಕು ಅಂದಳು. ವಾಚ್ ಸಿಕ್ಕಿಸು ಅಂದಳು. ಬರೋವರ ಮುಂದೆ ಚೆನ್ನಾಗಿ ಕಾಣಲಿ ಅಂತ ನಾನೂ ಬೆಪ್ಪನ ಹಾಗೆ ಎಲ್ಲ ಮಾಡಿದೆ. ಬಂದವನು ಮೂವತ್ತರ ಆಸುಪಾಸಿನವನು, ಜೇಬಲ್ಲಿ ಪೆನ್ನು, ಕುತ್ತಿಗೇಲಿ ಬ್ಯಾಡ್ಜು, ಸದ್ದು ಮಾಡದ ಬೂಟು. ಒಳ್ಳೇ ಹುಡುಗನೇ, ಬಯ್ಯೋಕೆ ಮನಸ್ಸು ಬರಲ್ಲ. ಬಗ್ಗಿ, ಹೇಗಿದೀರಿ ಅಮ್ಮಾ ಅಂದ. ನಮ್ಮ ಅಮ್ಮ ಬೆನ್ನು ನೆಟ್ಟಗೆ ಮಾಡಿ, ಗುಡ್ ಮಾರ್ನಿಂಗ್ ಡಾಕ್ಟರ್, ನೋವಿಲ್ಲ, ನಿದ್ದೆ ಚೆನ್ನಾಗಿ ಬಂತು, ಹೊಟ್ಟೆ ಸಲೀಸಾಗಿದೆ ಅಂದಳು. ವಾರ ಕೇಳಿದ, ಹೇಳಿದಳು. ಗುಂಡಿ ಹಾಕ್ಕೊಂಡು ತೋರಿಸಿ ಅಂದ, ನಾನು ಹಾಕಿದ್ದನ್ನೇ ಬಿಚ್ಚಿ ಹಾಕಿ ತೋರಿಸಿದಳು. ಏಳೋಕಾಗತ್ತಾ ಅಂತ ಕೇಳಿದ್ದೇ ತಡ, ಮಂಚದ ಅಂಚು ಹಿಡಿದು ಎದ್ದು ನಿಂತಳು. ನಾನಿನ್ನೂ ರೈಟ್ ಅಂದೂ ಇರಲಿಲ್ಲ. ಕೈ ಕೊಡೋಕೆ ಹೋದೆ, ಕಣ್ಣಲ್ಲೇ ಸುಟ್ಟುಬಿಟ್ಟಳು. ಆಮೇಲೆ ಗೋಡೆ, ಕಪಾಟು, ಕಿಟಕಿ ಸರಳು, ಒಂದೊಂದನ್ನೇ ಮುಟ್ಟಿಕೊಂಡು ಬಾಗಿಲವರೆಗೆ ನಡೆದು, ಚೌಕಟ್ಟು ಹಿಡಿದು ತಿರುಗಿ ನಿಂತಳು. ಮುಖ ಬೆವೆತು ತೊಯ್ದುಹೋಗಿತ್ತು, ನಗು ಮಾತ್ರ ಬಾಯಿ ತುಂಬ ಇತ್ತು.

ನಾನು ಅವನ ಕೈ ಹಿಡ್ಕೊಂಡು ಗೋಗರೆದೆ. ಸಾರ್, ಇದು ದಿನಾ ಆಗೋದಲ್ಲ, ದೇವರಾಣೆ, ನಿನ್ನೆ ನಾನೇ ಎತ್ತಿದೆ, ಇಲ್ಲಿ ನೋಡಿ ನನಗೆ ಹರ್ನಿಯಾ ಆಗಿದೆ ಅಂತ ಅಂಗಿ ಎತ್ತಿ ತೋರಿಸೋಕೂ ಹೋದೆ. ನಾಚಿಕೆ ಮಾನ ಎಲ್ಲ ಬಿಟ್ಟೆ. ಅವನು ಅಮ್ಮನ ಕಡೆ ನೋಡಿದ. ಅಮ್ಮ ನನ್ನ ಕಡೆ ಕೈ ತೋರಿಸಿ, ಈತ ಒಳ್ಳೆಯವನೇ ಡಾಕ್ಟರ್, ಸ್ವಲ್ಪ ಮಾತು ಜಾಸ್ತಿ ಅಂದಳು. ಅವನಿಗೆ ನಗು ಬಂತು. ಕಣ್ಣಾರೆ ಕಂಡಿದ್ದನ್ನ ಬರೀಬೇಕು ಸಾರ್ ಅಂತ ಹೇಳಿ ಹೋದ.

ಅವನ ಬೂಟು ಮೆಟ್ಟಿಲು ಇಳಿದು ಮುಗಿದಿರಲಿಲ್ಲ, ಅಮ್ಮ ಬಾಗಿಲ ಹತ್ತಿರವೇ ಕುಸಿದಳು. ಬಟ್ಟೆ, ನೆಲ ಎಲ್ಲ ಒದ್ದೆ. ಡಾಕ್ಟರು ಎತ್ತಬೇಡಿ ಅಂದಿದ್ದು ನೆನಪಿತ್ತು, ಎತ್ತಿದೆ. ಇನ್ನೇನು ಮಾಡಲಿ, ಹೇಳು. ತೊಳೆದು, ಒರೆಸಿ, ಮಲಗಿಸಿ, ಸಿಟ್ಟು ತಡೀಲಾರದೆ ಯಾಕಮ್ಮಾ ಹೀಗೆ ಮಾಡಿದೆ, ಯಾಕೆ ನನ್ನ ಹೊಟ್ಟೆ ಮೇಲೆ ಹೊಡೆದೆ ಅಂತ ಕೂಗಾಡಿದೆ. ಅವಳು ಏದುಸಿರು ಬಿಡ್ತಾ ಮೆಲ್ಲಗೆ, ರೌಂಡ್ಸ್ ಮುಗೀತಲ್ಲ, ಡಿಸ್ಚಾರ್ಜ್ ಬರೆದ್ರಾ ಅಂತ ಕೇಳಿದಳು. ನನಗೆ ಅರ್ಥ ಆಗಲಿಲ್ಲ. ಆಮೇಲೆ ಅಂದಳು, ಗುಬ್ಬಿ ಹೇಳಿದಾಳೆ, ನಡೆದು ತೋರಿಸಿದ್ರೆ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ.

ನೆನಪಾಯ್ತಾ? ಹೋದ ತಿಂಗಳು ಫೋನಲ್ಲಿ ಅಮ್ಮ ನಿನ್ನ ಮನೆಗೆ ಬರ್ತೀನಿ ಅಂತ ಅತ್ತಾಗ ನೀನು ಹೇಳಿದ ಮಾತು. ಮೊದಲು ನೀನೇ ಎದ್ದು ಬಾಗಿಲವರೆಗೆ ನಡೆದು ತೋರಿಸಮ್ಮ, ಮಾರನೇ ದಿನವೇ ಬಂದು ಕರ್ಕೊಂಡು ಹೋಗ್ತೀನಿ ಅಂದೆ. ನಿನಗದು ಬಾಯಿಮಾತು, ಅಳ್ತಿರೋ ಮಗುವಿಗೆ ಚಂದ್ರನ್ನ ತಂದುಕೊಡ್ತೀನಿ ಅಂದ ಹಾಗೆ. ಅಮ್ಮನಿಗೆ ಅದು ಕಾನೂನು. ಅವಳ ವಾರ್ಡಿನ ಕಾನೂನೇ ಅದು, ನಾವಿಬ್ಬರೂ ಚಿಕ್ಕವರಿದ್ದಾಗ ದಿನಾ ಊಟಕ್ಕೆ ಕೂತಾಗ ಕೇಳಿಲ್ಲವಾ? ಬಾಗಿಲವರೆಗೆ ತಾನಾಗಿ ನಡೆದವರಿಗೆ ಡಿಸ್ಚಾರ್ಜ್. ಮನೆಗೆ ಹೋಗೋಕೆ ಹಂಬಲಿಸ್ತಿದ್ದ ರೋಗಿಗಳಿಗೆ ಅವಳೇ ಕದ್ದು ತಯಾರಿ ಮಾಡಿಸ್ತಿದ್ದಳು. ಮಂಚದಿಂದ ಬಾಗಿಲವರೆಗೆ ಕುರ್ಚಿ ಸಾಲಾಗಿ ಇಟ್ಟು, ಒಂದರ ಬೆನ್ನು ಬಿಟ್ಟು ಇನ್ನೊಂದರ ಬೆನ್ನು ಹಿಡಿಸಿ ನಡೆಸೋದು, ಡಾಕ್ಟರ್ ಬಂದಾಗ ನೋವಿಲ್ಲ ಅನ್ನಿ, ಹೊಟ್ಟೆ ಸಲೀಸಾಗಿದೆ ಅನ್ನಿ ಅಂತ ಹೇಳಿಕೊಡೋದು. ಈಗ ತನಗೆ ತಾನೇ ನರ್ಸಾಗಿ, ತನಗೆ ತಾನೇ ರೋಗಿಯಾಗಿ, ಗಡಿಯಾರದವರ ಗೊರಕೆಯ ಮರೇಲಿ ಅಭ್ಯಾಸ ಮಾಡಿದಾಳೆ. ಎಷ್ಟು ಸಲ ಬಿದ್ದಳೋ, ಯಾರಿಗೆ ಗೊತ್ತು. ಆ ಕುರ್ಚಿಗಳನ್ನ ನಾನು ಪ್ರತಿ ಸಲ ಎತ್ತಿ ಮೇಜಿಗೆ ಸೇರಿಸಿದೆ, ಅವಳು ಪ್ರತಿ ಸಲ ಮತ್ತೆ ತಳ್ಳಿಕೊಂಡು ಬಂದಳು.

ನನಗೆ ಹೊಟ್ಟೆ ಉರಿದದ್ದು ಎಲ್ಲಿ ಅಂತ ಬಿಚ್ಚಿ ಹೇಳ್ತೀನಿ, ಮುಚ್ಚಿಟ್ಟು ಏನಾಗಬೇಕಿದೆ. ಈ ಮನೇಲಿ ಅಮ್ಮ ಬದುಕಿದ್ದು ನಿನ್ನ ವಯಸ್ಸಿಗಿಂತ ಜಾಸ್ತಿ. ಈ ಗೋಡೆಗೆ ಅವಳೇ ನಿಂತು ಬಣ್ಣ ಹೊಡೆಸಿದಾಳೆ. ನಾನು ಮದುವೆ ಗಿದುವೆ ಅಂತ ತಲೆ ಕೆಡಿಸ್ಕೊಳ್ಳದೆ ಇಲ್ಲೇ ಉಳಿದೆ. ಒಂಟಿ ಜೀವ, ಇವನಿಗೇನು ಕಷ್ಟ ಅಂತ ನೀವೆಲ್ಲ ಒಟ್ಟಿಗೆ ತೀರ್ಮಾನ ಮಾಡಿದಿರಿ, ನಾನೂ ತಲೆ ಆಡಿಸಿದೆ. ಅವಳ ಉಗುರು ಕತ್ತರಿಸಿದೆ, ಹಲ್ಲಿನ ಸೆಟ್ ತೊಳೆದೆ, ಹೆಣ್ಣುಮಕ್ಕಳು ಮಾಡೋಕೆ ಹಿಂಜರಿಯೋದನ್ನೂ ಮಾಡಿದೆ. ಅವಳಿಗೆ ಇದು ಮನೆ ಅಲ್ಲವಂತೆ ಗುಬ್ಬಿ. ಇದು ವಾರ್ಡು, ನಾನು ವಾರ್ಡ್‌ಬಾಯ್. ಮನೆ ಅಂದ್ರೆ ನೀನಿರೋ ಜಾಗ. ಅವಳ ತಲೆ ಸರಿಯಿಲ್ಲ, ಅವಳ ಮಾತು ಮನಸ್ಸಿಗೆ ಹಚ್ಚಿಕೊಳ್ಳಬಾರದು ಅಂತ ನನಗೂ ಗೊತ್ತು. ಹಚ್ಚಿಕೊಂಡೆ. ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತೆ, ಈ ವಯಸ್ಸಲ್ಲಿ.

ಹೋದ ಶುಕ್ರವಾರ ಕಚೇರಿಯಿಂದ ಉತ್ತರ ಬಂತು. ಸ್ವಂತವಾಗಿ ಓಡಾಡುತ್ತಾರೆ, ಸ್ಪಷ್ಟವಾಗಿ ಮಾತಾಡುತ್ತಾರೆ, ಸದ್ಯಕ್ಕೆ ಸಹಾಯದ ಅಗತ್ಯವಿಲ್ಲ, ಆರು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು. ಅಮ್ಮ ಭರ್ಜರಿಯಾಗಿ ಪಾಸಾಗಿದಾಳೆ. ಓದಿ ಹೇಳಿದೆ, ಖುಷಿಯಿಂದ ಚಪ್ಪಾಳೆ ತಟ್ಟಿದಳು. ಅವತ್ತು ನಡೆದಿದ್ದೇ ಕೊನೆ, ಆಮೇಲೆ ಅವಳು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಕಚೇರಿಗೆ ಫೋನ್ ಮಾಡಿದೆ, ಪಾಪ ಅಲ್ಲಿದ್ದ ಹೆಂಗಸು ಬಹಳ ತಾಳ್ಮೆಯಿಂದ, ಮನೇಲಿ ಬೇರೆ ಮಕ್ಕಳು ಯಾರಾದ್ರೂ ಇದಾರಾ ಅಂತ ಕೇಳಿದಳು. ಒಬ್ಬ ತಂಗಿ ಇದಾಳೆ ಅಂದೆ. ಹಾಗಾದ್ರೆ ಒಳ್ಳೇದಾಯ್ತಲ್ಲ ಅಂದಳು.

ಬಸ್ಸಲ್ಲಿ ಒಂದು ಜಾತಿ ಪ್ಯಾಸೆಂಜರ್ ಇರ್ತಾರೆ ಗುಬ್ಬಿ. ವಯಸ್ಸಾದವರು ಹತ್ತಿ ಪಕ್ಕಕ್ಕೆ ಬಂದು ನಿಂತ ತಕ್ಷಣ ಕಿಟಕಿ ಕಡೆ ತಿರುಗಿ ಕಣ್ಣು ಮುಚ್ಚಿಬಿಡ್ತಾರೆ. ಅವರು ಕೆಟ್ಟವರೇನಲ್ಲ. ದಿನವೆಲ್ಲ ದುಡಿದು ಸುಸ್ತಾಗಿರ್ತಾರೆ, ಅವರ ಕಾಲೂ ನೋಯ್ತಿರತ್ತೆ. ನಿಜವಾಗಿ ನಿದ್ದೆ ಬಂದವರಿಗೂ ಬರದವರಿಗೂ ವ್ಯತ್ಯಾಸ ಕಂಡಕ್ಟರಿಗೆ ಗೊತ್ತಾಗತ್ತೆ, ನಿದ್ದೆ ಬಂದವರ ಬಾಯಿ ತೆರೆದಿರತ್ತೆ. ನಾನು ಅಂಥವರ ಭುಜ ತಟ್ಟಿ ಎಬ್ಬಿಸ್ತಿದ್ದೆ, ಸರ್ವೀಸಲ್ಲಿ ಎಷ್ಟೋ ಜಗಳ ಅದಕ್ಕೇ ಆಗಿದೆ. ನಿನ್ನ ಭುಜ ಮಾತ್ರ ಯಾವತ್ತೂ ತಟ್ಟಲಿಲ್ಲ. ನೀನಿದ್ದೀಯಲ್ಲ ಅಣ್ಣ, ಅದೇ ನಮಗೆ ಧೈರ್ಯ ಅಂತ ನೀನು ಅಂದಾಗಲೆಲ್ಲ ನಾನೂ ಉಬ್ಬಿ ಹೋಗ್ತಿದ್ದೆ ಅನ್ನು. ನೀನು ಕಳಿಸಿದ ಮಸಾಜ್ ಕುರ್ಚಿ ಚೆನ್ನಾಗಿದೆ. ಅಮ್ಮನಿಗೆ ಅದರ ಅಲುಗಾಟ ಹೆದರಿಕೆ, ಹಾಗಾಗಿ ಅದರ ಮೇಲೆ ಅವಳ ಡಯಾಪರ್ ಕಟ್ಟುಗಳನ್ನ ಇಟ್ಟಿದೀನಿ. ಬಹಳ ಹಿಡಿಯತ್ತೆ.

ಈಗ ಅವಳು ಏಳೋ ಹೊತ್ತಾಯ್ತು. ಎದ್ದ ಕೂಡಲೇ ಗುಬ್ಬಿ ಬಂದ್ಲಾ ಅಂತ ಕೇಳ್ತಾಳೆ, ದಾರೀಲಿದಾಳೆ ಅಂತೀನಿ. ಯಜಮಾನರಿಗೆ ನನ್ನ ನೆನಪು ಹೇಳು, ಸಿಹಿ ಕಡಿಮೆ ಮಾಡೋಕೆ ಹೇಳು. ಆಶೀರ್ವಾದ ಮಾಡೋಷ್ಟು ದೊಡ್ಡ ಮನಸ್ಸು ಇವತ್ತು ನನಗಿಲ್ಲ. ಆದರೂ ನಿನಗಿಂತ ಮುಂಚೆ ಹುಟ್ಟಿದ ತಪ್ಪಿಗೆ ಮಾಡಿದೀನಿ, ಚೆನ್ನಾಗಿರು. ನಿನ್ನ ಮಂಡಿ ಬೇಗ ವಾಸಿಯಾಗಲಿ. ಇದನ್ನ ಮಾತ್ರ ಮನಸಾರೆ ಹಾರೈಸ್ತೀನಿ, ಯಾಕೆ ಅಂತ ಕೆಳಗೆ ನೋಡು.

ನಿನ್ನ ಅಣ್ಣ

ಮರೆತ ಮಾತು: ಸೋಮವಾರ ಬೆಳಗ್ಗೆ ನನ್ನ ಆಪರೇಷನ್. ಡಾಕ್ಟರು ಇನ್ನು ಮುಂದೂಡೋಕೆ ಒಪ್ಪಲ್ಲ. ಬಾಡಿಗೆ ಕಾರಿನವನಿಗೆ ಹೇಳಾಗಿದೆ, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಮ್ಮ ನಿನ್ನ ಮನೆ ಮುಂದೆ ಇರ್ತಾಳೆ. ಕೇಳ್ತಿಲ್ಲ, ತಿಳಿಸ್ತಿದೀನಿ. ಅದಕ್ಕೇ ಪತ್ರ, ಫೋನಾಗಿದ್ರೆ ಹಾಲು ಉಕ್ಕಿಬಿಡ್ತಿತ್ತು. ಅವಳ ಚೀಲ ತಯಾರಾಗಿದೆ, ಮಾತ್ರೆ ಯಾವ ಹೊತ್ತಿಗೆ ಯಾವುದು ಅಂತ ಡಬ್ಬಿ ಮೇಲೆ ಬರೆದು ಅಂಟಿಸಿದೀನಿ. ಎತ್ತುವಾಗ ಮಂಡಿ ಬಗ್ಗಿಸು, ಬೆನ್ನು ಬಗ್ಗಿಸಬೇಡ, ರೈಟ್ ರೈಟ್ ಅಂದ್ರೆ ಏಳ್ತಾಳೆ. ನಾನು ಕಾರಿಂದ ಇಳಿಯಲ್ಲ, ಇಳಿದರೆ ಮತ್ತೆ ವಾಪಸ್ ಕರ್ಕೊಂಡು ಬಂದುಬಿಡ್ತೀನಿ, ನನ್ನನ್ನ ನಾನು ಬಲ್ಲೆ. ಇನ್ನೊಂದು. ಡಿಸ್ಚಾರ್ಜ್ ಆಯ್ತು, ಗುಬ್ಬಿ ಮನೆಗೆ ಹೋಗ್ತಿದೀವಿ ಅಂತ ಅವಳಿಗೆ ಹೇಳಿದೀನಿ. ಗೇಟಿಂದ ನಿನ್ನ ಬಾಗಿಲವರೆಗೆ ತಾನೇ ನಡೆದು ಬರ್ತಾಳಂತೆ, ಯಾರೂ ಮುಟ್ಟಬಾರದಂತೆ. ಅವಳ ಕೈಲಿ ಆಗಲ್ಲ. ಮನೇಲಿರೋ ಕುರ್ಚಿಗಳನ್ನೆಲ್ಲ ತಂದು ಗೇಟಿಂದ ಸಾಲಾಗಿ ಇಡು, ಬೆನ್ನು ಒಂದೇ ಕಡೆಗಿರಲಿ. ಕೊನೇ ಕುರ್ಚಿ ಇಡೋ ಜಾಗದಲ್ಲಿ ನೀನು ನಿಂತಿರು.